ಅಮ್ಮ ಸತ್ತ ಸಿನಿಮಾ

ಜುಲೈ 5

ಅಮ್ಮಾ,

ಈ ಪತ್ರವನ್ನು ನಿಮ್ಮ ಕಾರ್ಖಾನೆಯ ವ್ಯಾನಿನಲ್ಲಿ ಹಾಸ್ಟೆಲಿಗೆ ಬ್ರೆಡ್ಡು ತರುವ ಬ್ರೆಡ್ಡಣ್ಣನ ಕೈಲಿ ಕಳಿಸುತ್ತಿರುವುದರಿಂದ ಧೈರ್ಯವಾಗಿ ಅಮ್ಮಾ ಎಂದೇ ಬರೆಯುತ್ತಿದ್ದೇನೆ. ಅಂಚೆಯಲ್ಲಿ ಬಂದದ್ದನ್ನೆಲ್ಲ ವಾರ್ಡನ್ ಒಡೆದು ಓದಿಯೇ ಕೊಡುವುದು. ಹೋದ ತಿಂಗಳು ನೀನು ಅಂಚೆಯಲ್ಲಿ 'ಇಂತಿ ನಿನ್ನ ಚಿಕ್ಕಮ್ಮ' ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಅವರು, "ಎಷ್ಟು ಒಳ್ಳೆ ಚಿಕ್ಕಮ್ಮ ಕಣೇ ನಿಂಗೆ, ಹೆತ್ತಮ್ಮನೂ ಹೀಗೆ ನೋಡ್ಕೊಳಲ್ಲ" ಅಂದರು. ನಾನು ನಗು ತಡೆಯಲಾರದೆ ತಲೆ ತಗ್ಗಿಸಿ ನಿಂತೆ. ಅಳುತ್ತಿದ್ದೇನೆ ಅಂದುಕೊಂಡು ಒಂದು ಬಾಳೆಹಣ್ಣು ಕೊಟ್ಟರು.

ಈಗ ವಿಷಯ ಕೇಳು. ಈ ವರ್ಷ ಒಂಬತ್ತನೇ ಕ್ಲಾಸಿನವರಿಗೆ ಸಿನಿಮಾ ಮಾಡುವುದನ್ನು ಕಲಿಸುತ್ತಿದ್ದಾರೆ! ಪ್ರತಿ ಶನಿವಾರ ಒಬ್ಬರು ಮೇಷ್ಟ್ರು ಬರುತ್ತಾರೆ. ಇರುವುದು ಒಂದೇ ಕ್ಯಾಮೆರಾ, ಅದನ್ನು ಮುಟ್ಟುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಒಬ್ಬೊಬ್ಬರೂ ಐದು ನಿಮಿಷದ ಕಿರುಚಿತ್ರ ಮಾಡಬೇಕು. ಸುತ್ತಲಿನ ಪ್ರೌಢಶಾಲೆಗಳೆಲ್ಲ ಸೇರಿ ಸ್ಪರ್ಧೆ ಇದೆ. ಗೆದ್ದವರಿಗೆ ಹತ್ತನೇ ಕ್ಲಾಸು ಮುಗಿದ ಮೇಲೆ ಸಿನಿಮಾ ಶಾಲೆಯಲ್ಲಿ ಪುಕ್ಕಟೆ ಓದು. ಮೇಷ್ಟ್ರದ್ದು ಒಂದೇ ಕಟ್ಟುನಿಟ್ಟು: "ನಿಮಗೆ ಆಗಿದ್ದನ್ನೇ ತೆಗೀಬೇಕು. ಕತೆ ಕಟ್ಟಿದ್ರೆ ನಂಗೆ ಗೊತ್ತಾಗುತ್ತೆ, ಕಿತ್ತು ಬಿಸಾಕ್ತೀನಿ."

ಅಮ್ಮಾ, ನನಗೆ ಇದು ಬರುತ್ತದೆ. ಲೆಕ್ಕ ಬರುವುದಿಲ್ಲ, ಇದು ಬರುತ್ತದೆ. ಕ್ಯಾಮೆರಾದೊಳಗೆ ಕಣ್ಣಿಟ್ಟರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಆಚೆ ಬಿಡಬೇಕು ಎಂದು ತಾನಾಗಿಯೇ ಗೊತ್ತಾಗುತ್ತದೆ. ಈ ಸ್ಪರ್ಧೆ ಗೆಲ್ಲದಿದ್ದರೆ ನಾನು ಏನೂ ಆಗುವುದಿಲ್ಲ, ನೋಡುತ್ತಿರು.

ನಿನ್ನ ಹಳೇ ಹಸಿರು ಸ್ವೆಟರ್ ಕಳಿಸು. ಒಗೆಯಬೇಡ. ಯಾಕೆ ಎಂದು ಕೇಳಬೇಡ.

ಇಂತಿ,
ನಿನ್ನ ಮಗಳು


ಜುಲೈ 9

ಮಗಳೇ,

ಸ್ವೆಟರ್ ಕಳಿಸಿದ್ದೇನೆ. ಒಗೆಯಬೇಡ ಅಂದೆಯಲ್ಲ, ಒಗೆದಿಲ್ಲ. ಮೈದಾ ವಾಸನೆ ಹೊಡೆದರೆ ನನ್ನನ್ನು ಅನ್ನಬೇಡ. ಬೆಳಗಿನ ಪಾಳಿಗೆ ಹಾಕಿಕೊಳ್ಳಲು ನನಗೆ ಇದೊಂದೇ ಇರುವುದು ಎಂದು ಹೇಳಿ ನಿನಗೆ ಸಂಕಟ ಕೊಡುವುದಿಲ್ಲ. ಹೇಳಿಯೇಬಿಟ್ಟೆ, ಇರಲಿ.

ಇಲ್ಲಿ ಪ್ಯಾಕಿಂಗ್ ಮೇಜಿನಲ್ಲಿ ಎಲ್ಲರಿಗೂ ಡಂಗುರ ಸಾರಿದೆ. "ನನ್ನ ಮಗಳು ಸಿನಿಮಾ ತೆಗೀತಾಳೆ, ನನ್ನ ಸ್ವೆಟರ್ ಅದ್ರಲ್ಲಿ ಪಾರ್ಟು ಮಾಡುತ್ತೆ" ಅಂದೆ. ಬ್ರೆಡ್ ಕತ್ತರಿಸುವ ಮೆಷಿನ್ನಿನ ಮುದುಕಿ, "ಹೆತ್ತವರಿಗೆ ಹೆಗ್ಗಣ ಮುದ್ದು" ಅಂತ ಮೂತಿ ತಿರುಗಿಸಿದಳು. ತಿರುಗಿಸಲಿ. ಅವಳ ಮಗನಿಗೆ ನೆಟ್ಟಗೆ ಫೋಟೋ ಹಿಡಿಯಲೂ ಬರುವುದಿಲ್ಲ.

ನಿನಗೆ ಆಗಿದ್ದನ್ನೇ ತೆಗೆಯಬೇಕು ಅಂದರೆ ನನ್ನನ್ನೇ ತೆಗೆಯುತ್ತೀಯ ಅಲ್ಲವೇ? ಬೇರೆ ಯಾರಿದ್ದಾರೆ ನಿನಗೆ? ತೆಗೆ, ಆದರೆ ಹುಷಾರು. ನಿನ್ನಪ್ಪ ಇನ್ನೊಂದು ಸಂಸಾರ ಹೂಡಿಕೊಂಡು ಹೋದಾಗ ನಮಗೆ ಸಿಕ್ಕಿದ ಒಂದೇ ಬಾಗಿಲು ಆ ಶಾಲೆ. ಅಲ್ಲಿ ತಾಯಿ ಇಲ್ಲದ ಹುಡುಗಿಯರಿಗೆ ಮಾತ್ರ ಸೀಟು. ಅದಕ್ಕೇ ಅಂದು ಆಫೀಸಿನಲ್ಲಿ ನಿಂತು, 'ನಾನು ಚಿಕ್ಕಮ್ಮ, ಇವಳ ಅಮ್ಮ ತೀರಿಕೊಂಡಳು' ಎಂದು ಬಾಯಿ ಬಿಟ್ಟು ಹೇಳಿದೆ. ನೀನು ಪಕ್ಕದಲ್ಲೇ ಇದ್ದೆ, ನನ್ನ ಸೆರಗು ಹಿಡಿದುಕೊಂಡಿದ್ದೆ. ನಾನು ಬದುಕಿದ್ದೇನೆ ಅಂತ ಗೊತ್ತಾದ ದಿನ ನಿನ್ನ ಹಾಸಿಗೆ ರಸ್ತೆಗೆ ಬೀಳುತ್ತದೆ. ಸಿನಿಮಾದಲ್ಲಿ ನನ್ನ ಮುಖ ತೋರಿಸಬೇಡ.

ಚಿಕ್ಕಮ್ಮ ಎಂದೇ ತೋರಿಸು, ಬೇಜಾರಿಲ್ಲ. ನನಗೆ ಒಳಗೊಳಗೇ ಗೊತ್ತಿರುತ್ತದಲ್ಲ.

ಇಂತಿ,
ಅಮ್ಮ


ಜುಲೈ 23

ಅಮ್ಮಾ,

ಸಿನಿಮಾ ನಿನ್ನ ಬಗ್ಗೆಯೇ. ಆದರೆ ನೀನು ಅಂದುಕೊಂಡ ಹಾಗಲ್ಲ. ನೀನು ಸಾಯುವುದನ್ನು ತೆಗೆಯುತ್ತಿದ್ದೇನೆ.

ಸಿಟ್ಟಾಗಬೇಡ, ಪೂರ್ತಿ ಓದು. ಇಲ್ಲಿ ಭಾನುವಾರ ಬಟ್ಟೆ ಒಗೆಯುವಾಗ ಎಲ್ಲರೂ ತಂತಮ್ಮ ಅಮ್ಮ ಸತ್ತದ್ದನ್ನು ಹೇಳಿಕೊಳ್ಳುತ್ತಾರೆ. ಬೇರೆ ಶಾಲೆಯ ಹುಡುಗಿಯರು ಬಟ್ಟೆಬರೆಯ ಬಗ್ಗೆ ಮಾತಾಡುತ್ತಾರಂತೆ, ಇಲ್ಲಿ ಇದೇ ಮಾತು. ಬಂದ ಹೊಸದರಲ್ಲಿ ನನ್ನ ಸರದಿ ಬಂದಾಗ, "ಜ್ವರ ಬಂತು, ಹೋದ್ರು" ಅಂದೆ. ಒಬ್ಬಳೂ ತಿರುಗಿ ನೋಡಲಿಲ್ಲ. ಬರೀ ಜ್ವರಕ್ಕೆ ಇಲ್ಲಿ ಬೆಲೆಯಿಲ್ಲ ಅಮ್ಮಾ. ಆಮೇಲೆ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಬಂದೆ. ಈಗ ಇಡೀ ಹಾಸ್ಟೆಲಿನಲ್ಲಿ ನನ್ನ ಅಮ್ಮನ ಸಾವೇ ಎಲ್ಲರದ್ದಕ್ಕಿಂತ ಚೆನ್ನಾಗಿದೆ. ಚಿಕ್ಕ ಹುಡುಗಿಯರು ಬಂದು, "ಅಕ್ಕಾ, ಇನ್ನೊಂದ್ಸಲ ಹೇಳಿ" ಅನ್ನುತ್ತಾರೆ.

ಸಿನಿಮಾ ಹೀಗಿದೆ: ಆಸ್ಪತ್ರೆಯ ಮಂಚ. ಅಮ್ಮ ಒರಗಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದಾಳೆ. ನಮಗೆ ಕಾಣುವುದು ಹಸಿರು ಸ್ವೆಟರಿನ ತೋಳು ಮತ್ತು ಬೆರಳು ಮಾತ್ರ. ಜಡೆ ಅರ್ಧವಾದಾಗ ಬೆರಳು ನಿಲ್ಲುತ್ತದೆ. ಮಗಳು ತಿರುಗಿ ನೋಡುವುದಿಲ್ಲ. ಅರ್ಧ ಜಡೆಯಲ್ಲೇ ಮನೆಗೆ ಹೋಗುತ್ತಾಳೆ, ಎಷ್ಟು ದಿನವಾದರೂ ಬಿಚ್ಚುವುದಿಲ್ಲ. ಮೇಷ್ಟ್ರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮಗಳ ಪಾತ್ರ ನಾನೇ ಮಾಡುತ್ತೇನೆ. ಬೆರಳು ಸೋಡಾಬುಡ್ಡಿಯದು. ನಿನಗೆ ಹೇಳಿದ್ದೆನಲ್ಲ, ದಪ್ಪ ಗಾಜಿನ ಕನ್ನಡಕದವಳು, ನನ್ನ ಪಕ್ಕದ ಹಾಸಿಗೆಯವಳು.

ಸಾಯುವ ಮುಂಚೆ ಅಮ್ಮ ಒಂದು ಮಾತು ಹೇಳಬೇಕು. ಅದು ನಿನ್ನ ದನಿಯಲ್ಲೇ ಇರಲಿ ಎಂದು ನನ್ನಾಸೆ. ಬ್ರೆಡ್ಡಣ್ಣನ ಫೋನಿನಲ್ಲಿ, "ಅಲ್ಲಾಡ್ಬೇಡ, ಇನ್ನೇನು ಆಯ್ತು" ಎಂದು ಹೇಳಿ ರೆಕಾರ್ಡ್ ಮಾಡಿ ಕಳಿಸು. ಮೆಲ್ಲಗೆ ಹೇಳು. ನೀನು ಸಾಯುತ್ತಿದ್ದೀಯ ಎಂಬುದು ನೆನಪಿರಲಿ.

ನನ್ನನ್ನು ಬೈಯಬೇಡ. ಮೊದಲು ಸಾಯಿಸಿದ್ದು ನೀನೇ.

ನಿನ್ನ ಮಗಳು


ಆಗಸ್ಟ್ 2

ಮಗಳೇ,

ನಿನ್ನ ಪತ್ರ ಓದಿ ಒಂದು ಟ್ರೇ ಬನ್ನು ನೆಲಕ್ಕೆ ಬೀಳಿಸಿದೆ. ಮೇಸ್ತ್ರಿ ಎಲ್ಲರೆದುರು ನನ್ನನ್ನು ಬೈದ. ನಾನು ಸತ್ತಿದ್ದಕ್ಕೆ ಮೊದಲು ಬೈಸಿಕೊಂಡವಳೂ ನಾನೇ ಆದೆ.

ಹೌದು, ಸತ್ತಳು ಅಂತ ಹೇಳಿದವಳು ನಾನೇ. ಆದರೆ ಒಂದು ವಾಕ್ಯ ಹೇಳಿ ಸುಮ್ಮನಾಗಿದ್ದೆನಲ್ಲೇ! ಅದಕ್ಕೆ ಮಂಚ, ಸ್ವೆಟರ್, ಬೆರಳು ಎಲ್ಲ ಜೋಡಿಸಿ ಕೂರಿಸಿದವಳು ನೀನು. ಚೆನ್ನಾಗಿದೆ ಅನ್ನುತ್ತೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ. ನನಗೆ ಓದಿದಾಗ ಮೈ ಉರಿಯಿತು, ಆಮೇಲೆ ಅಳು ಬಂತು. ಯಾಕೆಂದರೆ ಆ ಅಮ್ಮ ನನಗಿಂತ ಒಳ್ಳೆಯವಳು. ನಾನು ನಿನಗೆ ಎಂದು ಜಡೆ ಹಾಕಿದ್ದೇನೆ? ಹೇನು ತೆಗೆಯಲು ಪುರುಸೊತ್ತಿಲ್ಲದೆ ನಿನ್ನ ಕೂದಲನ್ನು ಕಿವಿಯವರೆಗೆ ಕತ್ತರಿಸಿ ಹಾಕಿದವಳು ನಾನು.

ದನಿ ಕಳಿಸಿದ್ದೇನೆ. ಒಳಗೆ ಮೆಷಿನ್ನುಗಳ ಸದ್ದು, ಅದಕ್ಕೆ ಮೈದಾ ಗೋದಾಮಿಗೆ ಹೋಗಿ ಮೂಟೆಗಳ ನಡುವೆ ಕೂತು ಹೇಳಿದೆ. ಬ್ರೆಡ್ಡಣ್ಣ ಫೋನು ಹಿಡಿದು, "ಇನ್ನೂ ಮೆಲ್ಲಗೆ ಅಕ್ಕಾ, ಗಿರಾಕಿ ಕರೆದಂಗಿದೆ" ಅನ್ನುತ್ತಲೇ ಇದ್ದ. ಹೇಳಿ ಹೇಳಿ ಕೊನೆಗೆ ನಿಜವಾಗಿ ನಿನ್ನ ತಲೆ ನನ್ನ ಮುಂದೆ ಇದೆ ಅನ್ನಿಸಿತು. ಅದನ್ನೇ ಕಳಿಸಿದ್ದೇನೆ.

ಒಂದೇ ಒಂದು ಕೇಳುತ್ತೇನೆ. ಅದನ್ನು ತೋರಿಸುವ ದಿನ ನಾನೂ ಬರುತ್ತೇನೆ. ಚಿಕ್ಕಮ್ಮನಾಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನನ್ನ ದನಿ ದೊಡ್ಡ ಪರದೆಯಲ್ಲಿ ಕೇಳಬೇಕು.

ಅಮ್ಮ


ಆಗಸ್ಟ್ 20

ಅಮ್ಮಾ,

ನಿನ್ನ ದನಿ ಆಗಲಿಲ್ಲ. ಮೇಷ್ಟ್ರು ಕೇಳಿ, "ಇದು ಬದುಕಿರೋರ ದನಿ ಥರ ಇದೆ, ಯಾರದ್ದು?" ಅಂದರು. ಚಿಕ್ಕಮ್ಮನದು ಅಂದೆ. "ಅವರಲ್ಲಿ ಆ ದುಃಖ ಇಲ್ಲ ಬಿಡಮ್ಮ" ಅಂದರು. ಕೊನೆಗೆ ಸೋಡಾಬುಡ್ಡಿಯೇ ಹೇಳಿದಳು. ಒಂದೇ ಸಲಕ್ಕೆ ಸರಿಯಾಯಿತು. ಹೇಳಿ ಮುಗಿಸಿ ಎದ್ದು ಹೊರಗೆ ಹೋದಳು, ಊಟಕ್ಕೂ ಬರಲಿಲ್ಲ. ಅವಳು ಹಾಗೇ, ಬಾಯಿ ಬಿಡುವ ಪೈಕಿಯಲ್ಲ.

ನೀನು ಬರಬೇಡ. ದಯವಿಟ್ಟು. ಸಿನಿಮಾ ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆಯುತ್ತಾರೆ. ಅಲ್ಲಿ ನನಗೆ ಅಳು ಬರಬೇಕು. ನೀನು ಎದುರಿಗೆ ಗುಂಡುಕಲ್ಲಿನ ಹಾಗೆ ಕೂತಿದ್ದರೆ ಹೇಗೆ ಬರುತ್ತದೆ? ಈಗೀಗ ಅಭ್ಯಾಸ ಮಾಡಿ ಮಾಡಿ ನೀನು ಇಲ್ಲ ಎಂದು ನಂಬಿದ್ದೇನೆ, ಅದನ್ನು ಕೆಡಿಸಬೇಡ. ಸ್ಪರ್ಧೆ ಮುಗಿದ ಮೇಲೆ ಎಷ್ಟು ಬೇಕಾದರೂ ಬಾ.

ಸ್ವೆಟರ್ ಬಹಳ ಚೆನ್ನಾಗಿ ಬಂದಿದೆ.

ನಿನ್ನ ಮಗಳು


ಸೆಪ್ಟೆಂಬರ್ 8

ಮಾನ್ಯರೇ,

ನಾನು ನಿಮ್ಮ ಅಕ್ಕನ ಮಗಳಿಗೆ ಚಲನಚಿತ್ರ ಕಲಿಸುತ್ತಿರುವ ಶಿಕ್ಷಕ. ನಿಮ್ಮ ವಿಳಾಸವನ್ನು ವಾರ್ಡನ್ ಅವರಿಂದ ಪಡೆದೆ. ಆಕೆಯ ಕಿರುಚಿತ್ರ ಕೊನೆಯ ಸುತ್ತಿಗೆ ಆಯ್ಕೆಯಾಗಿದೆ. ಇಷ್ಟು ವರ್ಷ ಕಲಿಸಿದ್ದೇನೆ, ಒಬ್ಬ ವಿದ್ಯಾರ್ಥಿನಿ ತನ್ನ ನೋವನ್ನು ಇಷ್ಟು ಪ್ರಾಮಾಣಿಕವಾಗಿ ತೆರೆದಿಟ್ಟದ್ದನ್ನು ನಾನು ಕಂಡಿಲ್ಲ. ಬಹುಮಾನ ಆಕೆಗೇ ಎಂದು ನನ್ನ ನಂಬಿಕೆ.

ತಾಯಿಯಿಲ್ಲದ ಮಗುವನ್ನು ಸಾಕಿದವರು ನೀವು. ಇದೇ ತಿಂಗಳ ಇಪ್ಪತ್ತರಂದು ಮಧ್ಯಾಹ್ನ ಪ್ರದರ್ಶನಕ್ಕೆ ನೀವು ಬರಲೇಬೇಕು. ಚಿತ್ರದ ನಂತರ ದಿವಂಗತ ನಿಮ್ಮ ಅಕ್ಕನವರ ಬಗ್ಗೆ ಎರಡು ಮಾತು ಆಡಬೇಕೆಂದು ಕೋರುತ್ತೇನೆ. ಹುಡುಗಿಗೆ ಹೇಳಿಲ್ಲ, ಅವಳಿಗೆ ಅಚ್ಚರಿಯಾಗಲಿ.

ನಿಮ್ಮ ವಿಶ್ವಾಸಿ,
ಚಲನಚಿತ್ರ ತರಗತಿಯ ಶಿಕ್ಷಕ


ಸೆಪ್ಟೆಂಬರ್ 22

ಬರಬೇಡ ಎಂದು ಕೈಮುಗಿದು ಬರೆದಿದ್ದೆ. ಆದರೂ ನೀನು ಬಂದೆ. ಬಂದವಳು ಸುಮ್ಮನಿದ್ದು ಹೋಗಬಹುದಿತ್ತು.

ಮೇಷ್ಟ್ರು ಕರೆದರು, ಸರಿ. "ಅಕ್ಕ ಒಳ್ಳೆಯವಳು" ಅಂದು ಇಳಿಯಬಹುದಿತ್ತು. ಇಡೀ ಸಭಾಂಗಣ ಮೂಗೊರೆಸಿಕೊಳ್ಳುತ್ತಿತ್ತು ಅಮ್ಮಾ, ತೀರ್ಪುಗಾರರಲ್ಲಿ ಒಬ್ಬರು ಕರವಸ್ತ್ರ ಹಿಡಿದುಕೊಂಡೇ ಇದ್ದರು. ನೀನು ಮೈಕು ಹಿಡಿದು ಏನಂದೆ? ನೀನು ಮರೆತಿದ್ದರೂ ನಾನು ಮರೆಯುವುದಿಲ್ಲ, ಬರೆಯುತ್ತೇನೆ ಓದಿಕೋ.

"ನಮ್ಮಕ್ಕ ಹೀಗೆ ಸಾಯ್ಲಿಲ್ಲ. ಅವಳು ಮಗಳಿಗೆ ಜಡೆ ಹಾಕಿದ್ದೇ ಇಲ್ಲ, ಕೂದ್ಲು ಕತ್ತರಿಸಿ ಹಾಕಿದ್ಳು. ಮಂಚದ ಮೇಲೆ ಮಲ್ಕೊಂಡೂ ಸಾಯ್ಲಿಲ್ಲ, ಕೆಲಸ ಮಾಡೋ ಜಾಗದಲ್ಲಿ ನಿಂತ್ಕೊಂಡೇ ಹೋದ್ಳು. ಮಗಳು ಹತ್ರ ಇರ್ಲಿಲ್ಲ. ನಿನ್ನ ನೋಡೋಕೆ ಬರ್ತೀನಿ ಅಂತ ಅಕ್ಕ ಹೇಳಿ ಕಳಿಸಿದ್ಳು. ಬರ್ಬೇಡ, ನಂಗೆ ಸಿನಿಮಾ ಇದೆ ಅಂದ್ಳು ಮಗಳು."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರು ವೇದಿಕೆಯ ಮೇಲೆಯೇ, "ಏನಮ್ಮಾ, ಇದು ನಿಂಗೆ ಆಗಿದ್ದಲ್ವಾ?" ಅಂದರು. ನಾನೇನು ಹೇಳಲಿ? ಹೌದು ಅಂದರೆ ನೀನು ಸುಳ್ಳಿ, ಅಲ್ಲ ಅಂದರೆ ನಾನು. ಅಭ್ಯಾಸ ಮಾಡಿದ್ದ ಅಳು ಆಗ ಬಂತು. ಯಾರಿಗೂ ಅದು ಬೇಕಿರಲಿಲ್ಲ. ಮೇಷ್ಟ್ರು ಸಿನಿಮಾವನ್ನು ಸ್ಪರ್ಧೆಯಿಂದ ಹಿಂದಕ್ಕೆ ತೆಗೆದುಕೊಂಡರು. ಕೋಳಿಮರಿ ಮೊಟ್ಟೆಯಿಂದ ಬರುವುದನ್ನು ತೆಗೆದ ಯಾವನೋ ಹುಡುಗನಿಗೆ ಬಹುಮಾನ ಬಂತು.

ನನಗೆ ಬರುವುದು ಇದೊಂದೇ ಎಂದು ನಿನಗೆ ಬರೆದಿದ್ದೆ. ಅದನ್ನೇ ಕಿತ್ತುಕೊಂಡೆ. ನೀನು ನಿಜವಾಗಿಯೂ ಸತ್ತಿದ್ದರೆ ಚೆನ್ನಾಗಿತ್ತು.


ಸೆಪ್ಟೆಂಬರ್ 27

ಮಗಳೇ,

ಪತ್ರ ಸಿಕ್ಕಿತು. ಕೊನೆಯ ಸಾಲನ್ನೂ ಓದಿದೆ.

ನಾನು ಮಾತಾಡಲು ಬಂದಿರಲಿಲ್ಲ. ಒಳ್ಳೆಯ ಮಾತು ಎರಡು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನನ್ನ ಅಕ್ಕ ಕಷ್ಟಸಹಿಷ್ಣು, ಮಗಳನ್ನು ಪ್ರಾಣದಂತೆ ನೋಡಿಕೊಂಡಳು, ಹೀಗೆ. ನನ್ನನ್ನು ನಾನೇ ಹೊಗಳಿಕೊಳ್ಳಲು ನಾಚಿಕೆಯಾಗಿ ಒಬ್ಬಳೇ ನಕ್ಕೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು.

ಸಭಾಂಗಣದಲ್ಲಿ ನನ್ನ ಪಕ್ಕ ಆ ಕನ್ನಡಕದ ಹುಡುಗಿ ಬಂದು ಕೂತಳು. ದೀಪ ಆರಿತು, ನಿನ್ನ ಸಿನಿಮಾ ಬಂತು. ಚೆನ್ನಾಗಿತ್ತು ಕಣೇ. ಸುಳ್ಳು ಹೇಳುವುದಿಲ್ಲ, ಬಹಳ ಚೆನ್ನಾಗಿತ್ತು. ಬೆರಳು ನಿಂತಾಗ ನನ್ನ ಬೆರಳೂ ನಿಂತಂತಾಯಿತು. ಆಗ ಆ ಹುಡುಗಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಆಂಟೀ, ನಿಮ್ಮಕ್ಕಾನೂ ನಮ್ಮಮ್ಮನ ಥರಾನೇ ಅರ್ಧ ಜಡೆ ಹಾಕ್ತಾ ಹೋದ್ರಂತೆ, ನಿಜಾನಾ? ನಾನು ನಮ್ಮಮ್ಮಂದು ಹೇಳಿದಾಗ ಇವಳು 'ನಮ್ಮಮ್ಮಾನೂ ಹಾಗೇ' ಅಂದ್ಳು. ಅದಕ್ಕೇ ನಾವಿಬ್ರೂ ಫ್ರೆಂಡ್ಸ್ ಆಗಿದ್ದು."

ಸಿನಿಮಾದ ಆ ಜಡೆ ಅವಳ ಅಮ್ಮನದು. ಅವಳ ಕೈಗೆ ನೀನು ನನ್ನ ಸ್ವೆಟರ್ ತೊಡಿಸಿ, ಅವಳ ಅಮ್ಮನ ಸಾವನ್ನು ಅವಳಿಂದಲೇ ಮಾಡಿಸಿದೆ. ದನಿಯನ್ನೂ ಅವಳಿಂದಲೇ ಕಸಿದೆ. ಇಷ್ಟಾದರೂ ಅವಳು ಕೇಳಿದ್ದು ಏನು? ನಿನ್ನ ಮೇಲೆ ದೂರಲ್ಲ. ತನ್ನಂಥವಳು ಇನ್ನೊಬ್ಬಳಿದ್ದಾಳೆ ಎಂಬುದು ನಿಜವೇ, ಅಷ್ಟೇ. ನನ್ನ ಸಾವನ್ನು ನೀನು ಏನು ಬೇಕಾದರೂ ಮಾಡಿಕೋ, ಅದು ನಾನು ಕೊಟ್ಟದ್ದು. ಆ ಮಗುವಿನದನ್ನು ಮುಟ್ಟಬಾರದಿತ್ತು. ಅವಳಿಗೆ ಉತ್ತರ ಹೇಳುವ ಮೊದಲೇ ನನ್ನನ್ನು ಮೇಲೆ ಕರೆದರು, ಅದಕ್ಕೆ ಮೈಕಿನಲ್ಲೇ ಹೇಳಿದೆ.

ಇಷ್ಟೇ ಅಂದರೆ ನಾನು ದೊಡ್ಡ ಧರ್ಮಾತ್ಮಳಾಗಿಬಿಡುತ್ತೇನೆ. ಅದಲ್ಲ. ಬರಬೇಡ ಅಂದವಳು ನೀನು ಎಂದು ನಾಲ್ಕು ಜನರೆದುರು ಹೇಳಿದಾಗ ನನಗೆ ಖುಷಿಯಾಯಿತು. ನಿನ್ನ ಮುಖ ಸಣ್ಣಗಾದದ್ದು ನೋಡಿ ಇನ್ನೂ ಖುಷಿಯಾಯಿತು. ಬಸ್ಸು ಹತ್ತಿದ ಮೇಲೆ ಆ ಖುಷಿ ಇಳಿಯಿತು, ನನ್ನ ಸ್ಟಾಪು ದಾಟಿಹೋದದ್ದೂ ತಿಳಿಯದೆ ಕತ್ತಲಲ್ಲಿ ವಾಪಸ್ಸು ನಡೆದು ಬಂದೆ.

ನಿನ್ನ ಸೀಟಿಗೆ ಏನೂ ಆಗಿಲ್ಲ. ಓದು.

ಅಮ್ಮ


ಅಕ್ಟೋಬರ್ 30

ಅಮ್ಮಾ,

ಒಂದು ತಿಂಗಳು ಬರೆಯಲಿಲ್ಲ. ಬರೆಯಬಾರದು ಎಂದೇ ಇದ್ದೆ.

ಸೋಡಾಬುಡ್ಡಿ ತನ್ನ ಹಾಸಿಗೆಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಹೋದಳು. ಸ್ವೆಟರನ್ನು ಮಡಿಸಿ ನನ್ನ ದಿಂಬಿನ ಮೇಲೆ ಇಟ್ಟಿದ್ದಳು. ನಾನು ಒಗೆಯುವ ಕಲ್ಲಿನ ಹತ್ತಿರ ಹೋದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. "ಇವಳೆದುರು ಅಮ್ಮನ ವಿಷಯ ತೆಗೀಬೇಡ್ರೇ, ಕದ್ಕೊಂಡು ಹೋಗ್ತಾಳೆ" ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು. ಕಳ್ಳಿ ಎಂದು ಹೆಸರಿಟ್ಟಿದ್ದಾರೆ. ಚಿಕ್ಕವರು ಕೂಡ 'ಕಳ್ಳಕ್ಕ' ಅನ್ನುತ್ತಾರೆ.

ಮೇಷ್ಟ್ರು ಶನಿವಾರ ಬರುತ್ತಾರೆ. ಕ್ಯಾಮೆರಾ ನನ್ನ ಕೈಗೆ ಕೊಡುವುದಿಲ್ಲ. ತಂತಿ ಸುತ್ತಿಡುವ ಕೆಲಸ ಕೊಟ್ಟಿದ್ದಾರೆ.

ಹೋದ ಪತ್ರದ ಕೊನೆಯ ಸಾಲು ಸುಳ್ಳು ಅಮ್ಮಾ. ಸಿಟ್ಟಿನಲ್ಲಿ ಬರೆದೆ. ಎಲುಬಿಲ್ಲದ ನಾಲಿಗೆ ಎಂದು ನೀನೇ ಹೇಳುತ್ತಿದ್ದೆಯಲ್ಲ, ಕೈಗೂ ಎಲುಬಿರಲಿಲ್ಲ ಅಂದುಕೋ. ತಪ್ಪಾಯಿತು.

ನನಗೆ ಇಲ್ಲಿ ಇರಲಾಗುವುದಿಲ್ಲ. ನಾಲ್ಕು ವರ್ಷದಿಂದ ನೀನು ಸತ್ತಿದ್ದೀಯ ಎಂದು ದಿನಾ ಹೇಳಿ ಹೇಳಿ ಸಾಕಾಗಿದೆ. ಹೇಳಿದ ರಾತ್ರಿಯೆಲ್ಲ ಭಯವಾಗುತ್ತಿತ್ತು, ಎಲ್ಲಿ ನಿಜವಾಗಿಬಿಡುತ್ತದೋ ಎಂದು. ಆ ಭಯವನ್ನು ಒಂದು ದಿನವೂ ನಿನಗೆ ಬರೆಯಲಿಲ್ಲ. ಬಾ. ವಾರ್ಡನ್ ಎದುರು ನಿಂತು, 'ನಾನು ಇವಳ ಅಮ್ಮ' ಎಂದು ಹೇಳು. ಸೀಟು ಹೋಗಲಿ. ನಾನೂ ನಿನ್ನ ಜೊತೆ ಬ್ರೆಡ್ಡು ಕಟ್ಟುತ್ತೇನೆ, ಸಂಜೆ ಶಾಲೆಗೆ ಹೋಗುತ್ತೇನೆ. ಇನ್ನೇನೂ ಕೇಳುವುದಿಲ್ಲ.

ನಿನ್ನ ಮಗಳು


ನವೆಂಬರ್ 14

ಅಮ್ಮಾ,

ವ್ಯಾನು ಬಂದಾಗೆಲ್ಲ ಓಡಿ ಹೋಗಿ ನಿಲ್ಲುತ್ತಿದ್ದೇನೆ. ನಿನ್ನ ಪತ್ರ ಇಲ್ಲ. "ಓದಿದ್ರಮ್ಮ, ಏಪ್ರನ್ನಿನ ಜೇಬಲ್ಲಿ ಇಟ್ಕೊಂಡು ಕೆಲಸಕ್ಕೆ ಹೋದ್ರು" ಅನ್ನುತ್ತಾನೆ ಬ್ರೆಡ್ಡಣ್ಣ.

ನೀನು ಬರದಿದ್ದರೆ ನಾನೇ ಹೇಳುತ್ತೇನೆ. ಈ ತಿಂಗಳ ಕೊನೆಗೆ ವಾರ್ಡನ್ ಕೋಣೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ. ನಿಜ ತಾನೇ? ನಿಜ ಹೇಳಿದರೆ ನಂಬಲೇಬೇಕು.

ನಿನ್ನ ಮಗಳು


ನವೆಂಬರ್ 19
(ಅಂಚೆಯ ಮೂಲಕ)

ಚಿರಂಜೀವಿಗೆ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ಚಳಿ ಶುರುವಾಗಿದೆ, ಕಿವಿ ಮುಚ್ಚಿಕೊಂಡು ಓಡಾಡು. ಲೆಕ್ಕದಲ್ಲಿ ಹಿಂದೆ ಬಿದ್ದಿರುವೆ ಎಂದು ತಿಳಿಯಿತು, ಹೆಚ್ಚು ಗಮನ ಕೊಡು. ಸಿನಿಮಾದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹತ್ತನೇ ಕ್ಲಾಸು ಮುಗಿಯುವವರೆಗೆ ಆ ಶಾಲೆಯೇ ನಿನಗೆ ಮನೆ, ಅಲ್ಲಿಯವರೇ ನಿನ್ನವರು.

ನಮ್ಮ ಕಾರ್ಖಾನೆಯಲ್ಲಿ ನನ್ನನ್ನು ಬೇರೆ ಪಾಳಿಗೆ ಹಾಕಿದ್ದಾರೆ. ಆದ್ದರಿಂದ ಬ್ರೆಡ್ ವ್ಯಾನಿನವರಿಗೆ ಇನ್ನು ಮುಂದೆ ತೊಂದರೆ ಕೊಡಬೇಡ, ಅವರು ನನಗೆ ಸಿಗುವುದಿಲ್ಲ. ಬರೆಯುವುದಿದ್ದರೆ ಅಂಚೆಗೇ ಹಾಕು. ರಜೆಗೆ ನಿನ್ನನ್ನು ಕರೆಸಿಕೊಳ್ಳಲು ಈ ಸಲ ಆಗಲಾರದು.

ನಿನ್ನ ಅಮ್ಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೂ ಅನ್ನಿಸುತ್ತದೆ. ಆದರೆ ಹೋದವರು ಕರೆದರೆ ಬರುವುದಿಲ್ಲ ಮಗೂ. ಅದನ್ನು ನೀನು ಒಪ್ಪಿಕೊಳ್ಳಬೇಕು.

ಈ ಪತ್ರವನ್ನು ವಾರ್ಡನ್ ಮೇಡಂ ಮೊದಲು ಓದುತ್ತಾರಾದ್ದರಿಂದ ಅವರಿಗೂ ಒಂದು ಮಾತು. ಮೇಡಂ, ಈಚೆಗೆ ಈ ಹುಡುಗಿ ತನ್ನ ತಾಯಿ ಬದುಕಿದ್ದಾಳೆ ಎಂದು ಹೇಳಲು ಶುರುಮಾಡಿದ್ದಾಳೆ. ನನ್ನನ್ನೇ ಅಮ್ಮ ಅನ್ನುತ್ತಾಳೆ. ನಿಮ್ಮ ಬಳಿಯೂ ಬಂದು ಹೇಳಬಹುದು, ಅತ್ತು ಕರೆದು ಆಣೆ ಇಡಬಹುದು. ದಯವಿಟ್ಟು ಬೈಯಬೇಡಿ, ನಂಬಲೂಬೇಡಿ. ಹತ್ತಿರ ಕೂರಿಸಿಕೊಂಡು, ಅಮ್ಮ ಸತ್ತಳು ಎಂದು ಮೆಲ್ಲಗೆ ಹೇಳಿ.

ಇಂತಿ,
ನಿನ್ನ ಚಿಕ್ಕಮ್ಮ